ಹಣೆಬರಹಕ್ಕಿಂತ ಮೊದಲೇ ಬರೆದಿಟ್ಟ ತೂಕ

ಮಗು ಹುಟ್ಟಿದ ಐದಾರು ದಿನಕ್ಕೆ, ರಾತ್ರಿ ಹೊತ್ತು ಶೆಟಗವ್ವ ಬಂದು ಹಣೆಯ ಮೇಲೆ ಬರೆದು ಹೋಗುತ್ತಾಳೆ ಎಂಬ ನಂಬಿಕೆ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಇವತ್ತಿಗೂ ಇದೆ. ಹಳೇ ಮೈಸೂರಿನ ಕಡೆ ಅದನ್ನೇ ಬ್ರಹ್ಮ ಬರೆದದ್ದು ಅನ್ನುತ್ತಾರೆ. ಐವತ್ತು ದಾಟದ ಗಂಡಸು ಹೊಲದಲ್ಲಿ ಎದೆ ಹಿಡಿದುಕೊಂಡು ಕುಸಿದಾಗ, ಯಾವ ಚಟವೂ ಇಲ್ಲದ ಹೆಂಗಸಿಗೆ ನಲವತ್ತಕ್ಕೇ ಸಕ್ಕರೆ ಕಾಯಿಲೆ ಬಂದಾಗ, ಊರಿನವರು ಆಡುವ ಕೊನೆಯ ಮಾತು ಅದೇ. ಹಣೆಬರಹ.

ಮಗು ಹುಟ್ಟಿದ ದಿನ ಇನ್ನೊಂದು ಬರಹವೂ ನಡೆಯುತ್ತದೆ. ದಾದಿ ಮಗುವನ್ನು ತಕ್ಕಡಿಯಲ್ಲಿಟ್ಟು, ಮುಳ್ಳು ನಿಂತ ಮೇಲೆ ಅಂಕಿ ನೋಡಿ ರಿಜಿಸ್ಟರಿನಲ್ಲಿ ಬರೆಯುತ್ತಾಳೆ. ಎರಡು ಕಾಲು ಕೆಜಿ, ಎರಡು ಮುಕ್ಕಾಲು, ಮೂರು. ಆಮೇಲೆ ಆ ಪುಟವನ್ನು ಯಾರೂ ತಿರುಗಿ ನೋಡುವುದಿಲ್ಲ.

ಅಂಥ ಹಳೇ ಪುಟಗಳನ್ನು ಐವತ್ತು ಅರವತ್ತು ವರ್ಷದ ನಂತರ ತೆರೆದು ನೋಡಿದವರಿದ್ದಾರೆ. ಮೊದಲು ಇಂಗ್ಲೆಂಡಿನಲ್ಲಿ, ಆಮೇಲೆ ನಮ್ಮ ಮೈಸೂರಿನಲ್ಲಿ. ದೊಡ್ಡವರಾದ ಮೇಲೆ ಬರುವ ಎಷ್ಟೋ ಕಾಯಿಲೆಗಳ ಬೇರು ತಾಯಿಯ ಹೊಟ್ಟೆಯಲ್ಲಿ ಕಳೆದ ತಿಂಗಳುಗಳಲ್ಲಿ, ಹುಟ್ಟಿದ ಮೊದಲ ಎರಡು ವರ್ಷಗಳಲ್ಲಿ ಇದೆ ಎಂಬುದು ಅವರಿಗೆ ಕಂಡಿತು. ಆ ರಿಜಿಸ್ಟರುಗಳ ಕಥೆ ಇದು.

ಸೈನಿಕರು ಸಿಗದೆ ಹೋದಾಗ

1899ರಿಂದ 1902ರವರೆಗೆ ಬ್ರಿಟಿಷರು ದಕ್ಷಿಣ ಆಫ್ರಿಕಾದಲ್ಲಿ ಬೋಯರ್ ಯುದ್ಧ ನಡೆಸಿದರು. ಸೈನ್ಯಕ್ಕೆ ಸೇರಲು ಬಂದ ಇಂಗ್ಲೆಂಡಿನ ಬಡ ಮನೆಗಳ ಹುಡುಗರಲ್ಲಿ ತುಂಬಾ ಜನ ಕುಳ್ಳಗೆ, ಸಣಕಲಾಗಿದ್ದರು. ಅನೇಕರನ್ನು ವಾಪಸು ಕಳಿಸಬೇಕಾಯಿತು. ಅರ್ಧ ಜಗತ್ತನ್ನು ಆಳುವ ದೇಶಕ್ಕೆ ಇದು ದೊಡ್ಡ ಆಘಾತ. ಜನರ ದೇಹ ಯಾಕೆ ಹೀಗೆ ಸೊರಗಿದೆ ಎಂದು ನೋಡಲು ಸರ್ಕಾರ ಸಮಿತಿ ಮಾಡಿತು. 1904ರಲ್ಲಿ ಅದರ ವರದಿ ಬಂತು.

ಆ ಕಾಲದ ಇಂಗ್ಲೆಂಡಿನಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ ಸುಮಾರು 150 ಮಕ್ಕಳು ಒಂದು ವರ್ಷ ತುಂಬುವುದರೊಳಗೆ ಸಾಯುತ್ತಿದ್ದವು. ಮಕ್ಕಳು ಉಳಿಯಬೇಕು, ಗಟ್ಟಿಯಾಗಬೇಕು ಎಂಬ ಕಾಳಜಿ ಆಗ ಶುರುವಾಯಿತು. ಅದರಲ್ಲಿ ಕರುಣೆಯೂ ಇತ್ತು, ಮುಂದಿನ ಯುದ್ಧಕ್ಕೆ ಆಳು ಬೇಕೆಂಬ ಲೆಕ್ಕವೂ ಇತ್ತು.

ಲಂಡನ್ನಿನ ಉತ್ತರಕ್ಕಿರುವ ಹರ್ಟ್‌ಫರ್ಡ್‌ಶೈರ್ ಎಂಬ ಜಿಲ್ಲೆಯಲ್ಲಿ ಎಥೆಲ್ ಮಾರ್ಗರೆಟ್ ಬರ್ನ್‌ಸೈಡ್ ಎಂಬಾಕೆ ಸೂಲಗಿತ್ತಿಯರ ಮೇಲ್ವಿಚಾರಕಿಯಾಗಿದ್ದರು. ಮನೆಮನೆಗೆ ಹೋಗುವ ಆರೋಗ್ಯ ಸಂದರ್ಶಕಿಯರಿಗೂ ಅವರೇ ಮುಖ್ಯಸ್ಥೆ. ಅವರ ವ್ಯವಸ್ಥೆಯಲ್ಲಿ 1911ರಿಂದ ಪ್ರತಿ ಮಗುವಿನ ತೂಕವನ್ನು ಹುಟ್ಟಿದಾಗ ಒಮ್ಮೆ, ವರ್ಷ ತುಂಬಿದಾಗ ಇನ್ನೊಮ್ಮೆ ಬರೆಯುವುದು ಶುರುವಾಯಿತು. ಮಗು ಎದೆಹಾಲು ಕುಡಿಯಿತೇ, ಬಾಟಲಿ ಹಾಲೇ, ಎಷ್ಟು ಹಲ್ಲು ಬಂದಿವೆ ಎಂಬುದನ್ನೂ ದಪ್ಪ ಪುಸ್ತಕಗಳಲ್ಲಿ ಬರೆದರು. ನಮ್ಮ ಆಶಾ ಕಾರ್ಯಕರ್ತೆ ಈಗ ಮಾಡುವ ಕೆಲಸವನ್ನೇ ಆ ಹೆಂಗಸರು ನೂರು ವರ್ಷದ ಹಿಂದೆ ಮಾಡುತ್ತಿದ್ದರು.

ಈ ಪುಸ್ತಕಗಳನ್ನು ಹುಡುಕಿಕೊಂಡು ಬಂದವರು ಡೇವಿಡ್ ಬಾರ್ಕರ್, ಸೌತಾಂಪ್ಟನ್ ವಿಶ್ವವಿದ್ಯಾಲಯದ ವೈದ್ಯ. ಅವರನ್ನು ಒಂದು ಒಗಟು ಕಾಡುತ್ತಿತ್ತು. ಹೃದಯಾಘಾತ ಉಳ್ಳವರ ಕಾಯಿಲೆ, ತುಪ್ಪ ಮಾಂಸ ಹೆಚ್ಚಾದವರಿಗೆ ಬರುವುದು ಎಂದು ಆಗ ಎಲ್ಲರೂ ಹೇಳುತ್ತಿದ್ದರು. ಆದರೆ ಇಂಗ್ಲೆಂಡಿನ ನಕ್ಷೆ ಹರಡಿ ನೋಡಿದರೆ ಹೃದಯದ ಕಾಯಿಲೆಯಿಂದ ಹೆಚ್ಚು ಜನ ಸಾಯುತ್ತಿದ್ದದ್ದು ಬಡ ಪ್ರದೇಶಗಳಲ್ಲಿ. 1986ರಲ್ಲಿ ಬಾರ್ಕರ್ ಮತ್ತು ಕ್ಲೈವ್ ಆಸ್ಮಂಡ್ ಎರಡು ಕಾಲದ ಲೆಕ್ಕವನ್ನು ಪಕ್ಕಪಕ್ಕ ಇಟ್ಟರು. 1921ರಿಂದ 1925ರ ನಡುವೆ ಎಲ್ಲಿ ಕೂಸುಗಳು ಹೆಚ್ಚು ಸತ್ತಿದ್ದವೋ, 1968ರಿಂದ 1978ರ ನಡುವೆ ಅದೇ ಊರುಗಳಲ್ಲಿ ದೊಡ್ಡವರು ಹೃದಯದ ಕಾಯಿಲೆಯಿಂದ ಹೆಚ್ಚು ಸತ್ತಿದ್ದರು.

ಅಂದರೆ ಕೂಸುಗಳನ್ನು ಕೊಲ್ಲುವಷ್ಟು ಕೆಟ್ಟದಾಗಿದ್ದ ಸ್ಥಿತಿಯಲ್ಲಿ ಬದುಕಿ ಉಳಿದ ಮಕ್ಕಳು, ಉಳಿದರೂ ಒಳಗೆ ಏನೋ ಪೆಟ್ಟು ತಿಂದೇ ಬೆಳೆದಿದ್ದರೇ? ಇದನ್ನು ತಿಳಿಯಲು ಒಬ್ಬೊಬ್ಬರ ಹುಟ್ಟಿದ ತೂಕ ಬೇಕಿತ್ತು. ಅದು ಬರ್ನ್‌ಸೈಡ್ ಅವರ ಪುಸ್ತಕಗಳಲ್ಲಿತ್ತು.

1911ರಿಂದ 1930ರ ನಡುವೆ ಹುಟ್ಟಿದ 5,654 ಗಂಡಸರು ಎಲ್ಲಿದ್ದಾರೆ, ಸತ್ತಿದ್ದರೆ ಯಾವ ಕಾಯಿಲೆಯಿಂದ ಎಂದು ಪತ್ತೆ ಹಚ್ಚಿದರು. 1989ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಇಡೀ ದೇಶದ ಹೃದಯ ಕಾಯಿಲೆಯ ಸಾವಿನ ಮಟ್ಟವನ್ನು 100 ಎಂದು ಇಟ್ಟುಕೊಳ್ಳಿ. ವರ್ಷ ತುಂಬಿದಾಗ ಸುಮಾರು 8 ಕೆಜಿ ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ಅದು 111. ಅದೇ ವಯಸ್ಸಿಗೆ 12 ಕೆಜಿಗಿಂತ ಹೆಚ್ಚು ತೂಗಿದವರಲ್ಲಿ ಬರೀ 42.

ಮೈಸೂರಿನ ಮಿಷನ್ ಆಸ್ಪತ್ರೆ

ಇಂಗ್ಲೆಂಡಿನ ಲೆಕ್ಕ ನಮಗೆ ಯಾಕೆ ಎಂದು ನೀವು ಕೇಳಬಹುದು. ಆಗಲೂ ಕೆಲವರು ಹಾಗೇ ಕೇಳಿದರು. ಚಳಿ ದೇಶದ, ಬೇರೆ ಊಟದ ಜನರ ಮಾತು ಎಲ್ಲ ಕಡೆಗೂ ಹೊಂದುತ್ತದೆಯೇ? ಅದಕ್ಕೆ ಉತ್ತರ ಸಿಕ್ಕಿದ ಜಾಗಗಳಲ್ಲಿ ಒಂದು ಮೈಸೂರಿನ ಮಂಡಿ ಮೊಹಲ್ಲಾ.

ಅಲ್ಲಿರುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ಮೈಸೂರಿನವರು ಮಿಷನ್ ಆಸ್ಪತ್ರೆ ಎಂದೇ ಕರೆಯುತ್ತಾರೆ. ವೆಸ್ಲಿಯನ್ ಮಿಷನ್ನಿನವರು 1906ರಲ್ಲಿ ಶುರುಮಾಡಿದ ಆಸ್ಪತ್ರೆ. ಅಲ್ಲಿ 1934ರಿಂದ ಹುಟ್ಟಿದ ಪ್ರತಿ ಕೂಸಿನ ತೂಕ, ಉದ್ದ, ತಲೆಯ ಸುತ್ತಳತೆ ಮೂರನ್ನೂ ಬರೆದಿಟ್ಟಿದ್ದರು. ಬಸುರಿಯರ ತೂಕವನ್ನೂ ಬರೆಯುತ್ತಿದ್ದರು. ಆಗ ಮೈಸೂರು ಮಹಾರಾಜರ ಸಂಸ್ಥಾನ. ಬಹುಪಾಲು ಹೆರಿಗೆ ಮನೆಯಲ್ಲೇ ಸೂಲಗಿತ್ತಿಯ ಕೈಯಲ್ಲೇ ಆಗುತ್ತಿದ್ದ ಕಾಲ. ಅಂಥ ಕಾಲದಲ್ಲಿ ಬರೆದ ಆ ಕಾಗದಗಳು ಗೆದ್ದಲಿಗೂ ರದ್ದಿಗೂ ಹೋಗದೆ ಉಳಿದವು.

1990ರ ದಶಕದಲ್ಲಿ ಸೌತಾಂಪ್ಟನ್ನಿನ ವೈದ್ಯೆ ಕ್ಯಾರೋಲಿನ್ ಫಾಲ್, ಅವರ ಜೊತೆ ಕೆ. ಕುಮಾರನ್ ಮತ್ತಿತರರು ಈ ದಾಖಲೆಗಳನ್ನು ಹಿಡಿದು ಕೆಲಸ ಶುರುಮಾಡಿದರು. ಆಸ್ಪತ್ರೆಯ ಸುತ್ತಲಿನ ಬೀದಿಗಳಲ್ಲಿ ಮನೆಮನೆ ಸುತ್ತಿ, ಅಲ್ಲೇ ಹುಟ್ಟಿದವರನ್ನು ಹುಡುಕಿ, ಅವರು ಹೇಳಿದ ವಿವರವನ್ನು ಹಳೇ ಹೆರಿಗೆ ದಾಖಲೆಯ ಜೊತೆ ತಾಳೆ ನೋಡಿದರು. ಹಾಗೆ ಸಿಕ್ಕ, 1934ರಿಂದ 1954ರ ನಡುವೆ ಹುಟ್ಟಿದ್ದ 517 ಗಂಡಸರು ಹೆಂಗಸರಿಗೆ ಇಸಿಜಿ ಮಾಡಿದರು. ಎದೆನೋವಿನ ಬಗ್ಗೆ ವಿಚಾರಿಸಿದರು.

1996ರಲ್ಲಿ ಫಲಿತಾಂಶ ಹೊರಬಂತು. ಹುಟ್ಟಿದಾಗ ಎರಡೂವರೆ ಕೆಜಿ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ನೂರಕ್ಕೆ 11 ಜನರಿಗೆ ಹೃದಯದ ಕಾಯಿಲೆ ಇತ್ತು. ಸುಮಾರು 3.2 ಕೆಜಿಗಿಂತ ಹೆಚ್ಚಿದ್ದವರಲ್ಲಿ ನೂರಕ್ಕೆ 3 ಜನರಿಗೆ ಮಾತ್ರ. ಸಾಮಾನ್ಯವಾಗಿ ಹೃದಯದ ಕಾಯಿಲೆಗೆ ಕಾರಣ ಎಂದು ಹೇಳುವ ಬೇರೆ ಸಂಗತಿಗಳನ್ನು ಲೆಕ್ಕಕ್ಕೆ ತೆಗೆದುಕೊಂಡರೂ ಈ ವ್ಯತ್ಯಾಸ ಬಹುಮಟ್ಟಿಗೆ ಹಾಗೇ ಉಳಿಯಿತು.

ಆ ವರದಿಯಲ್ಲಿ ಇನ್ನೊಂದು ಅಂಕಿ ಇದೆ. ಹುಟ್ಟಿದಾಗ ಎರಡೂವರೆ ಕೆಜಿ ಮುಟ್ಟದವರ ಪೈಕಿ, ಬಸುರಿಯಾಗಿದ್ದಾಗ ತಾಯಿಯ ತೂಕವೂ 45 ಕೆಜಿಗಿಂತ ಕಡಿಮೆ ಇದ್ದವರಲ್ಲಿ ಕಾಯಿಲೆ ನೂರಕ್ಕೆ 20. ಐವತ್ತು ವರ್ಷದ ಮಗನ ಎದೆನೋವನ್ನು ಹಿಂದಕ್ಕೆ ಹುಡುಕಿಕೊಂಡು ಹೋದರೆ, ಅವನು ಹುಟ್ಟುವ ಮೊದಲು ಅವನಮ್ಮನ ತಟ್ಟೆಯಲ್ಲಿ ಎಷ್ಟು ಅನ್ನ ಇತ್ತು ಎಂಬಲ್ಲಿಗೆ ಹೋಗಿ ನಿಲ್ಲುತ್ತದೆ.

ಬಡತನದ ಕಾರಣಕ್ಕೇ ಇರಬಹುದಲ್ಲ?

ಇದು ಸಹಜವಾದ ಪ್ರಶ್ನೆ. ಬಡವರ ಮಗು ಸಣ್ಣದಾಗಿ ಹುಟ್ಟುತ್ತದೆ, ದೊಡ್ಡದಾದ ಮೇಲೂ ಬಡತನದಲ್ಲೇ ಇರುತ್ತದೆ, ಆ ಬಡತನವೇ ಕಾಯಿಲೆ ತಂದಿರಬಹುದು. ಹುಟ್ಟಿದ ತೂಕದ ಮೇಲೆ ಯಾಕೆ ಹೊರಿಸಬೇಕು? ಇದನ್ನು ಪರೀಕ್ಷಿಸಲು ಬಸುರಿಯರನ್ನು ಉಪವಾಸ ಕೆಡವಿ ನೋಡಲು ಆಗುವುದಿಲ್ಲ. ಆದರೆ ಯುದ್ಧವೊಂದು ಆ ಕ್ರೂರ ಕೆಲಸ ಮಾಡಿತ್ತು.

1944ರ ಸೆಪ್ಟೆಂಬರಿನಲ್ಲಿ ನೆದರ್ಲೆಂಡ್ಸ್ ಜರ್ಮನ್ ಸೈನ್ಯದ ಹಿಡಿತದಲ್ಲಿತ್ತು. ಮಿತ್ರಪಡೆಗಳಿಗೆ ನೆರವಾಗಲೆಂದು ಡಚ್ ರೈಲ್ವೆ ನೌಕರರು ಮುಷ್ಕರ ಹೂಡಿದರು. ಸಿಟ್ಟಿಗೆದ್ದ ಜರ್ಮನ್ನರು ಪಶ್ಚಿಮ ಭಾಗದ ನಗರಗಳಿಗೆ ಆಹಾರ ಹೋಗದಂತೆ ತಡೆದರು. ಆ ಚಳಿಗಾಲ ಕಾಲುವೆಗಳೂ ಹೆಪ್ಪುಗಟ್ಟಿ ದೋಣಿಗಳು ನಿಂತವು. ಒಬ್ಬರಿಗೆ ದಿನಕ್ಕೆ ಕೊಡುವ ಪಡಿತರ 400ರಿಂದ 800 ಕ್ಯಾಲೊರಿಗೆ ಇಳಿಯಿತು. ದುಡಿಯುವ ಮನುಷ್ಯನಿಗೆ ಬೇಕಾದ್ದರ ಮೂರನೇ ಒಂದು ಪಾಲೂ ಅಲ್ಲ. ಜನ ಟ್ಯುಲಿಪ್ ಹೂವಿನ ಗೆಡ್ಡೆ ಬೇಯಿಸಿ ತಿಂದರು. ಸುಮಾರು 20 ಸಾವಿರ ಜನ ಸತ್ತರು. 1945ರ ಮೇ ತಿಂಗಳಲ್ಲಿ ಬಿಡುಗಡೆಯಾದ ಮೇಲೆ ಮತ್ತೆ ಊಟ ಸಿಕ್ಕಿತು.

ಬಡವರು ಮಾತ್ರ ಹಸಿದ ಬರ ಇದಲ್ಲ. ನಗರದ ಎಲ್ಲ ವರ್ಗದವರೂ ಹಸಿದರು. ಶುರುವಾದ ದಿನ, ಮುಗಿದ ದಿನ ಎರಡೂ ಗೊತ್ತು. ಪಡಿತರದ ಲೆಕ್ಕ ಇತ್ತು, ಆಸ್ಪತ್ರೆಗಳಲ್ಲಿ ಹೆರಿಗೆಯ ದಾಖಲೆ ಇತ್ತು. ಆಮ್‌ಸ್ಟರ್‌ಡಾಮಿನ ಒಂದು ಆಸ್ಪತ್ರೆಯಲ್ಲಿ 1943ರ ನವೆಂಬರಿನಿಂದ 1947ರ ಫೆಬ್ರವರಿವರೆಗೆ ಹುಟ್ಟಿದ 2,414 ಮಕ್ಕಳನ್ನು ದೊಡ್ಡವರಾದ ಮೇಲೆ ಹುಡುಕಿದರು. ಬರದಲ್ಲಿ ಹೊಟ್ಟೆಯಲ್ಲಿದ್ದವರನ್ನು, ಅದಕ್ಕೆ ಮೊದಲು ಹುಟ್ಟಿದವರು ಮತ್ತು ಬರ ಮುಗಿದ ಮೇಲೆ ಬಸುರು ನಿಂತು ಹುಟ್ಟಿದವರ ಜೊತೆ ಹೋಲಿಸಿದರು.

ಬಸುರಿನ ಕೊನೆಯ ತಿಂಗಳುಗಳಲ್ಲಿ ಬರ ಕಂಡ ಮಕ್ಕಳು ಸಣ್ಣದಾಗಿ ಹುಟ್ಟಿದ್ದವು. ದೊಡ್ಡವರಾದ ಮೇಲೆ ಅವರ ದೇಹ ಸಕ್ಕರೆಯನ್ನು ಸರಿಯಾಗಿ ಅರಗಿಸಿಕೊಳ್ಳುತ್ತಿರಲಿಲ್ಲ. ಬಸುರಿನ ಮೊದಲ ತಿಂಗಳುಗಳಲ್ಲಿ ಬರ ಕಂಡವರ ಸಂಗತಿ ಬೇರೆ. ಆಮೇಲೆ ತಾಯಿಗೆ ಊಟ ಸಿಕ್ಕಿದ್ದರಿಂದ ಅವರು ಒಳ್ಳೆಯ ತೂಕದಲ್ಲೇ ಹುಟ್ಟಿದ್ದರು, ನೋಡಲು ಏನೂ ಕೊರತೆ ಇರಲಿಲ್ಲ. ಆದರೂ ಐವತ್ತರ ಹೊತ್ತಿಗೆ ಅವರಲ್ಲೇ ಹೃದಯದ ಕಾಯಿಲೆ ಹೆಚ್ಚಾಗಿ ಕಂಡಿತು. ಬಸುರು ನಿಂತಿದೆ ಎಂದು ಮನೆಯವರಿಗೆ ತಿಳಿಯುವ ಹೊತ್ತಿಗೇ ಒಂದಷ್ಟು ಕಟ್ಟಡ ಎದ್ದಿರುತ್ತದೆ ಎಂಬುದು ಇದರಿಂದ ಗೊತ್ತಾಗುತ್ತದೆ.

ಒಳಗೆ ನಡೆಯುವುದೇನು?

ಭತ್ತದ ಒಟ್ಟಲು ಹಾಕಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಸಸಿ ಒಟ್ಟಲಿನಲ್ಲೇ ಸೊರಗಿದರೆ, ನಾಟಿ ಆದ ಮೇಲೆ ಎಷ್ಟು ಗೊಬ್ಬರ ಸುರಿದರೂ ಗದ್ದೆ ಹಸಿರಾಗಬಹುದು, ಪೈರು ಮೊದಲಿನಿಂದ ಚೆನ್ನಾಗಿ ಬಂದ ಗದ್ದೆಯಂತೆ ಆಗುವುದು ಕಷ್ಟ.

ಮನುಷ್ಯರ ದೇಹದಲ್ಲೂ ಕೆಲವು ಭಾಗಗಳಿಗೆ ಒಂದೇ ಹಂಗಾಮು. ಕಿಡ್ನಿಯೊಳಗೆ ರಕ್ತ ಸೋಸುವ ಲಕ್ಷಾಂತರ ಸಣ್ಣ ಜರಡಿಗಳಿವೆ. ಅವು ಹುಟ್ಟುವ ಮುಂಚೆಯೇ ತಯಾರಾಗಿ ಮುಗಿಯುತ್ತವೆ, ಆಮೇಲೆ ಹೊಸದು ಹುಟ್ಟುವುದಿಲ್ಲ. ಹೊಟ್ಟೆಯಲ್ಲಿದ್ದಾಗ ಆಹಾರ ಸಾಲದೆ ಕಡಿಮೆ ಜರಡಿಗಳೊಂದಿಗೆ ಹುಟ್ಟಿದ ಮಗು ಉಳಿದ ಆಯುಸ್ಸನ್ನೆಲ್ಲ ಅಷ್ಟರಲ್ಲೇ ಸಾಗಿಸಬೇಕು. ಭಾರ ಹೆಚ್ಚಾದಾಗ ಬಿಪಿ ಏರುವುದಕ್ಕೆ ಇದೂ ಒಂದು ಕಾರಣ ಎಂದು ವೈದ್ಯರು ವಿವರಿಸುತ್ತಾರೆ.

ಕಡಿಮೆ ಆಹಾರ ಬಂದಾಗ ಭ್ರೂಣದ ದೇಹ ಬಡ ಮನೆಯ ಯಜಮಾನಿಯಂತೆ ಲೆಕ್ಕ ಹಾಕುತ್ತದೆ. ಮೊದಲು ಮಿದುಳಿಗೆ, ಉಳಿದದ್ದು ಮಿಕ್ಕವಕ್ಕೆ. ಸ್ನಾಯು, ಸಕ್ಕರೆ ನಿಭಾಯಿಸುವ ಮೇದೋಜೀರಕ ಗ್ರಂಥಿ, ಕಿಡ್ನಿ ಇವುಗಳ ಪಾಲು ಕಡಿತವಾಗುತ್ತದೆ. ಸಿಕ್ಕಿದ್ದನ್ನು ಕೊಬ್ಬಾಗಿ ಕೂಡಿಡುವ ಅಭ್ಯಾಸವೂ ಆಗಲೇ ಬೀಳುತ್ತದೆ.

ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಅವರ ತಂಡ ಪುಣೆ ಹತ್ತಿರದ ಆರು ಹಳ್ಳಿಗಳಲ್ಲಿ ಇದನ್ನು ಅಳೆದು ನೋಡಿತು. ಅಲ್ಲಿನ ಕೂಸುಗಳ ಸರಾಸರಿ ತೂಕ 2.7 ಕೆಜಿ, ಸೌತಾಂಪ್ಟನ್ನಿನ ಕೂಸುಗಳದ್ದು 3.5 ಕೆಜಿ. ನಮ್ಮ ಕೂಸುಗಳಲ್ಲಿ ಸ್ನಾಯು ತೀರಾ ಕಡಿಮೆ ಇತ್ತು, ಚರ್ಮದಡಿಯ ಕೊಬ್ಬು ಮಾತ್ರ ಅಷ್ಟು ಕಡಿಮೆಯಾಗಿರಲಿಲ್ಲ. ನೋಡಲು ಸಣ್ಣ, ಒಳಗೆ ಕೊಬ್ಬು. ಸಣ್ಣ ಮೈಯವರಿಗೂ ನಮ್ಮಲ್ಲಿ ಬೇಗ ಸಕ್ಕರೆ ಕಾಯಿಲೆ ಯಾಕೆ ಬರುತ್ತದೆ ಎಂಬುದಕ್ಕೆ ಸಿಕ್ಕ ಒಂದು ಸುಳಿವು ಇದು. ಬಸುರಿಯರು ಸೊಪ್ಪು, ಹಾಲು, ಹಣ್ಣನ್ನು ಆಗಾಗ ತಿಂದ ಮನೆಗಳಲ್ಲಿ ಕೂಸುಗಳು ದೊಡ್ಡದಾಗಿ ಹುಟ್ಟಿದ್ದನ್ನೂ ಆ ಹಳ್ಳಿಗಳಲ್ಲೇ ಕಂಡರು.

ಹಾಗಂತ ಸಣ್ಣ ಮಗುವಿಗೆ ಆಮೇಲೆ ತುರುಕಿ ತಿನ್ನಿಸಿದರೆ ಸರಿಹೋಗುತ್ತದೆಯೇ? ದೆಹಲಿಯಲ್ಲಿ 1969ರಿಂದ 1972ರ ನಡುವೆ ಹುಟ್ಟಿದ 1,492 ಜನರನ್ನು ಬಾಲ್ಯದಿಂದ ಹಿಂಬಾಲಿಸಿದ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಮೂವತ್ತರ ಆಸುಪಾಸಿಗೇ ಸಕ್ಕರೆಯ ತೊಂದರೆ ಶುರುವಾದವರು ಎರಡು ವರ್ಷದವರೆಗೆ ತೆಳ್ಳಗಿದ್ದವರು, ಆಮೇಲೆ ಬಾಲ್ಯದಲ್ಲಿ ಬೇಗಬೇಗ ಮೈ ತುಂಬಿಕೊಂಡವರು. ಮೊದಲ ಎರಡು ವರ್ಷದಲ್ಲಿ ಕೊಡದೇ ಇದ್ದದ್ದನ್ನು ಹತ್ತನೇ ವರ್ಷಕ್ಕೆ ಬೇಕರಿ ತಿಂಡಿಯಲ್ಲಿ, ಪ್ಯಾಕೆಟ್ ಕುರುಕಲಿನಲ್ಲಿ ತುಂಬಿಕೊಡಲು ಆಗುವುದಿಲ್ಲ.

ಮೈಸೂರಿನಲ್ಲೇ ಇದರ ಇನ್ನೊಂದು ಮುಖವೂ ಕಂಡಿತು. ಅದೇ ಆಸ್ಪತ್ರೆಯಲ್ಲಿ 1997–98ರಲ್ಲಿ 830 ಬಸುರಿಯರನ್ನು ಸೇರಿಸಿಕೊಂಡು ಹೊಸ ಅಧ್ಯಯನ ಶುರುವಾಯಿತು. ಜಿ.ವಿ. ಕೃಷ್ಣವೇಣಿ ಮತ್ತಿತರರು ಅವರ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದರು. ಬಸುರಿನಲ್ಲಿ ಸಕ್ಕರೆ ಕಾಯಿಲೆ ಕಾಣಿಸಿಕೊಂಡ ತಾಯಂದಿರ ಮಕ್ಕಳಲ್ಲಿ ಐದನೇ ವರ್ಷಕ್ಕೇ, ಮುಖ್ಯವಾಗಿ ಹೆಣ್ಣುಮಕ್ಕಳಲ್ಲಿ, ಕೊಬ್ಬು ಹೆಚ್ಚಿತ್ತು. ಕೊರತೆಯೂ ಕೆಡುಕು, ಬಸುರಿನಲ್ಲಿ ರಕ್ತದ ಸಕ್ಕರೆ ಏರುವುದೂ ಕೆಡುಕು. ತಾಯಿಯ ರಕ್ತದಲ್ಲಿ ಫೋಲೇಟ್ ಎಂಬ ಜೀವಸತ್ವ ಚೆನ್ನಾಗಿದ್ದ ಮಕ್ಕಳು ಒಂಬತ್ತು ಹತ್ತನೇ ವಯಸ್ಸಿನಲ್ಲಿ ನೆನಪು, ಕಲಿಕೆಯ ಪರೀಕ್ಷೆಗಳಲ್ಲಿ ಮುಂದಿದ್ದರು. ಸೊಪ್ಪು ಕಾಳುಗಳಲ್ಲಿ ಫೋಲೇಟ್ ಇದೆ. ಆಶಾ ಕಾರ್ಯಕರ್ತೆ ಬಸುರಿಯರಿಗೆ ಕೊಡುವ ಕಬ್ಬಿಣದ ಮಾತ್ರೆಯಲ್ಲೂ ಇದೇ ಬಗೆಯ ಜೀವಸತ್ವ ಇರುತ್ತದೆ. ಅದನ್ನು ಅಟ್ಟದ ಮೇಲಿಡುವ ಮುನ್ನ ಈ ಮಾತು ನೆನಪಿರಲಿ.

ತಿದ್ದಬಹುದೇ?

ಬರೀ ಇಷ್ಟೇ ಆಗಿದ್ದರೆ ಹಣೆಬರಹದ ಬದಲು ತೂಕದ ಬರಹ ಎಂದು ಹೇಳಿ ಕೈಕಟ್ಟಿ ಕೂರಬೇಕಿತ್ತು. ಆದರೆ ತಿದ್ದಿ ತೋರಿಸಿದ ಊರುಗಳಿವೆ.

ಮಧ್ಯ ಅಮೆರಿಕದ ಗ್ವಾಟೆಮಾಲ ಎಂಬ ಸಣ್ಣ ದೇಶದ ನಾಲ್ಕು ಹಳ್ಳಿಗಳಲ್ಲಿ 1969ರಿಂದ 1977ರವರೆಗೆ ಒಂದು ಪ್ರಯೋಗ ನಡೆಯಿತು. ಎರಡು ಹಳ್ಳಿಗಳ ಮಕ್ಕಳಿಗೆ, ಬಸುರಿ ಬಾಣಂತಿಯರಿಗೆ ದಿನವೂ ಪ್ರೋಟೀನ್ ಇರುವ ಗಂಜಿ. ಅದಕ್ಕೆ ಅಲ್ಲಿಯವರ ಜೋಳದ ಗಂಜಿಯ ಹೆಸರನ್ನೇ ಇಟ್ಟು ಅತೋಲೆ ಎಂದು ಕರೆದರು. ಇನ್ನೆರಡು ಹಳ್ಳಿಗಳಲ್ಲಿ ಪ್ರೋಟೀನ್ ಇಲ್ಲದ ಸಿಹಿ ಪಾನೀಯ. ಸುಮಾರು ಮೂವತ್ತು ವರ್ಷದ ನಂತರ ಆ ಮಕ್ಕಳನ್ನು ಹುಡುಕಿದರು. ಎರಡು ವರ್ಷ ತುಂಬುವ ಮೊದಲು ಅತೋಲೆ ಕುಡಿದ ಗಂಡುಮಕ್ಕಳ ಗಂಟೆ ಕೂಲಿ ಉಳಿದವರಿಗಿಂತ ಶೇ. 46ರಷ್ಟು ಹೆಚ್ಚಿತ್ತು. ಹೆಣ್ಣುಮಕ್ಕಳು ಒಂದು ತರಗತಿಗಿಂತ ಹೆಚ್ಚು ಓದಿದ್ದರು. ಮೂರು ವರ್ಷ ದಾಟಿದ ಮೇಲೆ ಕುಡಿಯಲು ಶುರುಮಾಡಿದವರ ಕೂಲಿಯಲ್ಲಿ ಅಂಥ ಲಾಭ ಕಾಣಲಿಲ್ಲ.

ಊಟದಷ್ಟೇ ಆಟ, ಮಾತು ಕೂಡ ಮುಖ್ಯ ಎಂದು ತೋರಿಸಿದ್ದು ಜಮೈಕಾ. ಅದರ ರಾಜಧಾನಿ ಕಿಂಗ್‌ಸ್ಟನ್ನಿನ ಬಡ ಬೀದಿಗಳಲ್ಲಿ 1986–87ರಲ್ಲಿ ಬೆಳವಣಿಗೆ ಕುಂಠಿತವಾದ 129 ಮಕ್ಕಳನ್ನು ಸ್ಯಾಲಿ ಗ್ರಾಂಥಮ್-ಮೆಕ್‌ಗ್ರೆಗರ್ ಅವರ ತಂಡ ಆರಿಸಿತು. ಕೆಲವು ಮನೆಗಳಿಗೆ ಆರೋಗ್ಯ ಕಾರ್ಯಕರ್ತೆ ವಾರಕ್ಕೆ ಒಂದು ಗಂಟೆ, ಎರಡು ವರ್ಷ ಹೋಗುತ್ತಿದ್ದರು. ಮನೆಯಲ್ಲೇ ಮಾಡಿದ ಆಟಿಕೆ ಕೊಟ್ಟು, ಮಗುವಿನ ಜೊತೆ ಹೇಗೆ ಆಡಬೇಕು, ಹೇಗೆ ಮಾತಾಡಬೇಕು ಎಂದು ತಾಯಿಗೆ ತೋರಿಸುತ್ತಿದ್ದರು. ಇಪ್ಪತ್ತು ವರ್ಷದ ನಂತರ ಆ ಮಕ್ಕಳ ಸಂಪಾದನೆ ಉಳಿದ ಮಕ್ಕಳಿಗಿಂತ ಶೇ. 25ರಷ್ಟು ಹೆಚ್ಚಿತ್ತು. ದುಬಾರಿ ಆಟಿಕೆ ಇಲ್ಲ, ಮೊಬೈಲ್ ಇಲ್ಲ. ವಾರಕ್ಕೊಂದು ಗಂಟೆಯ ಭೇಟಿ, ಉಳಿದ ದಿನ ತಾಯಿಯ ಆಟ ಮಾತು.

ನಮ್ಮಲ್ಲೂ ಇದೇ ಯೋಚನೆಯ ವ್ಯವಸ್ಥೆ ಇದೆ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾಯಿತು. ಕರ್ನಾಟಕದಲ್ಲಿ ಅದಕ್ಕೆ ಆರಿಸಿದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಇವತ್ತು ಊರೂರಿನಲ್ಲಿರುವ ಅಂಗನವಾಡಿ ಹುಟ್ಟಿದ್ದು ಅಲ್ಲಿಂದ. 2017ರ ಅಕ್ಟೋಬರ್ 2ರಿಂದ ಮಾತೃಪೂರ್ಣ ಯೋಜನೆಯಲ್ಲಿ ಬಸುರಿ ಬಾಣಂತಿಯರಿಗೆ ಅಂಗನವಾಡಿಯಲ್ಲೇ ಬಿಸಿಯೂಟ ಕೊಡುವುದೂ ಶುರುವಾಯಿತು.

ಯೋಜನೆ ಬಂದು ಅರ್ಧ ಶತಮಾನ ಕಳೆದರೂ ಕೆಲಸ ಮುಗಿದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. 20ರಿಂದ 24 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ. 21 ಜನರ ಮದುವೆ 18 ತುಂಬುವ ಮೊದಲೇ ಆಗಿತ್ತು. ಈ ಎರಡು ಅಂಕಿಗಳಿಗೆ ಸಂಬಂಧವಿದೆ. ಬಾಲ್ಯದಲ್ಲಿ ಬೆಳೆಯದ ಹುಡುಗಿ, ಇನ್ನೂ ಬೆಳೆಯುತ್ತಿರುವಾಗಲೇ ಬಸುರಿಯಾಗುತ್ತಾಳೆ. ಅವಳ ದೇಹಕ್ಕೂ ಹೊಟ್ಟೆಯ ಕೂಸಿಗೂ ಒಂದೇ ತಟ್ಟೆಯಲ್ಲಿ ಪಾಲಾಗುತ್ತದೆ. ಮೈಸೂರಿನ ದಾಖಲೆಗಳಲ್ಲಿದ್ದ 45 ಕೆಜಿಗಿಂತ ಹಗುರವಾದ ಆ ತಾಯಂದಿರೂ ಒಂದು ಕಾಲದಲ್ಲಿ ಯಾರದೋ ಮನೆಯ ಸಣ್ಣ ಹುಡುಗಿಯರೇ.

ಈ ಲೆಕ್ಕವನ್ನು ಹೇಗೆ ಓದಬೇಕು?

ಎರಡು ಎಚ್ಚರಿಕೆ ಬೇಕು.

ಒಂದು, ಇದನ್ನು ವಿಧಿ ಎಂದು ಓದಬಾರದು. ಮೈಸೂರಿನಲ್ಲಿ ಎರಡೂವರೆ ಕೆಜಿ ಮುಟ್ಟದೆ ಹುಟ್ಟಿದ ನೂರು ಜನರಲ್ಲಿ 11 ಜನರಿಗೆ ಹೃದಯದ ಕಾಯಿಲೆ ಎಂದರೆ, ಪರೀಕ್ಷೆಯ ಹೊತ್ತಿಗೆ 89 ಜನರಿಗೆ ಇರಲಿಲ್ಲ. ಆ 517 ಜನ ಬದುಕಿ ಉಳಿದು, ಆಸ್ಪತ್ರೆಯ ಸುತ್ತಲೇ ನೆಲೆಸಿದ್ದವರು. ಎಲ್ಲ ಊರಿನ ಎಲ್ಲರ ಲೆಕ್ಕ ಅದಲ್ಲ. ಬೀಡಿ, ತಂಬಾಕು, ಕುಡಿತ, ಮೈಬಗ್ಗಿಸದ ಬದುಕು ಮಾಡುವ ಹಾನಿ ಇದರಿಂದ ಕಡಿಮೆಯಾಗುವುದಿಲ್ಲ. ಸಣ್ಣದಾಗಿ ಹುಟ್ಟಿದವರು ಅವುಗಳಿಂದ ಇನ್ನಷ್ಟು ದೂರ ಇರಬೇಕು, ಬಿಪಿ ಶುಗರ್ ಬೇಗ ತೋರಿಸಿಕೊಳ್ಳಬೇಕು ಎಂಬುದು ಇದರ ಅರ್ಥ.

ಎರಡು, ಇದನ್ನು ತಾಯಿಯ ತಲೆಗೆ ಕಟ್ಟಬಾರದು. ಹೊಟ್ಟೆಯಲ್ಲಿ ನಡೆದದ್ದು ಅಂದ ಕೂಡಲೇ ನಮ್ಮ ಮನೆಗಳಲ್ಲಿ ಬೆರಳು ಸೊಸೆಯ ಕಡೆ ತಿರುಗುತ್ತದೆ. ಎಲ್ಲರದ್ದೂ ಮುಗಿದ ಮೇಲೆ ತಳದಲ್ಲಿ ಉಳಿದದ್ದನ್ನು ಬಳಿದುಕೊಂಡು ತಿನ್ನಬೇಕು ಎಂಬ ಪದ್ಧತಿ ಮಾಡಿದ್ದು ಅವಳಲ್ಲ. ಜಾಸ್ತಿ ತಿಂದರೆ ಕೂಸು ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆ ಎಂದು ತಟ್ಟೆ ಎಳೆದುಕೊಂಡದ್ದು ಅವಳಲ್ಲ. ಏಳು ತಿಂಗಳಲ್ಲೂ ಕಳೆ ಕೀಳಲು ಹೋಗುವಂತೆ ಮಾಡಿದ್ದು ಮನೆಯ ಕಷ್ಟ. ಹದಿನಾರಕ್ಕೆ ಮದುವೆ ನಿಶ್ಚಯ ಮಾಡಿದ್ದು ಹಿರಿಯರು. ಕೂಸಿನ ತೂಕದಲ್ಲಿ ಇಡೀ ಮನೆಯ, ಇಡೀ ಊರಿನ ನಡತೆ ತೂಗುತ್ತದೆ.

ಹಾಗಾಗಿ ಕೆಲಸವೂ ಎಲ್ಲರಿಗೂ ಹಂಚಿಕೆಯಾಗಬೇಕು. ಬಸುರಿ ಮೊದಲ ಪಂಕ್ತಿಯಲ್ಲಿ ಕೂತು ಉಣ್ಣಲಿ. ಅಂಗನವಾಡಿಯಲ್ಲಿ ತಿನ್ನುವುದು ಅವಮಾನ ಎಂಬ ಮಾತು ಮನೆಯಲ್ಲಿ ಬಾರದಿರಲಿ. ದೂರದ ತೋಟದ ಮನೆಯವರು ಊಟಕ್ಕೆ ಬರಲಾಗದಿದ್ದರೆ ಅದನ್ನು ಗ್ರಾಮಸಭೆಯಲ್ಲಿ ಎತ್ತಿ ಹೇಳುವವರು ಇರಲಿ. ಹೆಣ್ಣುಮಕ್ಕಳು ಹೈಸ್ಕೂಲು ಮುಗಿಸುವವರೆಗೆ ಮದುವೆ ಮಾತು ಬೇಡ. ರಾತ್ರಿ ಹತ್ತು ನಿಮಿಷ ಅಪ್ಪನೂ ಮಗುವಿನ ಜೊತೆ ಕೂತು ಮಾತಾಡಲಿ.

ಇನ್ನೊಂದು ಸಣ್ಣ ಕೆಲಸ ಇದೆ, ಯಾರೂ ಅದಕ್ಕೆ ಬೆಲೆ ಕೊಡುವುದಿಲ್ಲ. ಬರ್ನ್‌ಸೈಡ್ ಅವರ ಹೆಂಗಸರು, ಮಿಷನ್ ಆಸ್ಪತ್ರೆಯ ದಾದಿಯರು ಕಂಡದ್ದನ್ನು ಕಂಡ ಹಾಗೇ ಬರೆದರು. ಅಂದಾಜಿಗೆ ಎಲ್ಲ ಮಕ್ಕಳಿಗೂ ಮೂರು ಕೆಜಿ ಎಂದು ತುಂಬಿಸಿದ್ದರೆ ಮೇಲಿನ ಸಂಗತಿಗಳಲ್ಲಿ ಅರ್ಧ ನಮಗೆ ತಿಳಿಯುತ್ತಲೇ ಇರಲಿಲ್ಲ. ಮುಂದಿನ ಸಲ ಅಂಗನವಾಡಿಯಲ್ಲಿ ತೂಕದ ದಿನ ನೀವೂ ಹೋಗಿ. ತಕ್ಕಡಿ ಸರಿಯಾಗಿದೆಯೇ, ಸೊನ್ನೆಗೆ ನಿಲ್ಲುತ್ತದೆಯೇ ನೋಡಿ. ತೂಕ ಕಡಿಮೆ ಬಂದರೆ ಕಾರ್ಯಕರ್ತೆಯ ಮೇಲೆ ಕೂಗಾಡಬೇಡಿ, ಹಾಗೆ ಕೂಗಾಡುವ ಊರಿನಲ್ಲೇ ತಪ್ಪು ಅಂಕಿ ಬರೆಯಬೇಕಾಗುತ್ತದೆ. ಬಂದ ಅಂಕಿಯನ್ನೇ ಬರೆಸಿ. ತಾಯಿ ಕಾರ್ಡನ್ನು ಹೆರಿಗೆ ಆಯಿತೆಂದು ಬಿಸಾಡದೆ, ಆಸ್ತಿ ಪತ್ರ ಇಡುವ ಪೆಟ್ಟಿಗೆಯಲ್ಲಿ ಜೋಪಾನವಾಗಿಡಿ. ಆ ಮಗುವಿಗೆ ನಲವತ್ತಾದಾಗ, ನೋಡುವ ಡಾಕ್ಟರಿಗೆ ಅದರಿಂದ ಉಪಯೋಗವಾಗಬಹುದು.